ಕಡಲಿನಿಂದ ಸೂರ್ಯ ಹುಟ್ಟುವ ಊರು: ಚಿರಾಲಿಯಲ್ಲಿ ಎಂಟು ದಿನಗಳ ನಡಿಗೆ

ಹೊನ್ನಾವರದ ಕಡಲತೀರದಲ್ಲಿ ಹುಟ್ಟಿ ಬೆಳೆದ ನನಗೂ ಅಕ್ಕನಿಗೂ ನಡಿಗೆಯೆಂಬುದು ಹವ್ಯಾಸವಾಗಿ ಬಂದದ್ದಲ್ಲ. ಮನೆಯ ಹಿಂದಿನ ಗುಡ್ಡ ಹತ್ತಿ, ಎರಡು ಬೇಣಗಳನ್ನು ದಾಟಿ, ಹಳ್ಳದ ಮೇಲಿನ ಸಂಕದಲ್ಲಿ ಒಬ್ಬರ ಹಿಂದೊಬ್ಬರು ನಡೆದು ಶಾಲೆ ಸೇರುತ್ತಿದ್ದ ದಿನಗಳಲ್ಲಿ ಕಾಲುದಾರಿಯೇ ನಮಗೆ ರಸ್ತೆಯಾಗಿತ್ತು. ಇಂದು ಆ ದಾರಿಯ ಅರ್ಧ ಭಾಗದಲ್ಲಿ ಲಂಟಾನದ ಪೊದೆಗಳು ಬೆಳೆದಿವೆ, ಉಳಿದರ್ಧಕ್ಕೆ ಕಲ್ಲಿನ ಪಾಗಾರ ಬಿದ್ದಿದೆ. ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ಅಕ್ಕ, ಕಾಲು ಗಟ್ಟಿಯಿರುವಾಗಲೇ ಎಲ್ಲಿಯಾದರೂ ದೂರದ ಹಳೆಯ ಹಾದಿಯೊಂದರಲ್ಲಿ ಒಟ್ಟಿಗೆ ನಡೆಯೋಣವೆಂದಾಗ ನಾನು ಟರ್ಕಿಯ ದಕ್ಷಿಣ ಕರಾವಳಿಯ ಲಿಸಿಯಾ ಹಾದಿಯ ಹೆಸರು ಹೇಳಿದೆ. ಕೇಟ್ ಕ್ಲೋ ಎಂಬ ಬ್ರಿಟಿಷ್ ಮೂಲದ ಮಹಿಳೆ, ರೋಮನ್ ಕಾಲದ ರಸ್ತೆಗಳನ್ನೂ ಕುರುಬರ ಹಾಗೂ ಹಳ್ಳಿಗರ ಕಾಲುದಾರಿಗಳನ್ನೂ ಹುಡುಕಿ, ಒಂದಕ್ಕೊಂದು ಜೋಡಿಸಿ, ಬಂಡೆಗಳ ಮೇಲೆ ಕೆಂಪು ಬಿಳಿ ಪಟ್ಟಿಗಳನ್ನು ಬಳಿಸಿ 1999ರಲ್ಲಿ ನಡೆಯುವವರಿಗೆ ತೆರೆದಿಟ್ಟ ಹಾದಿ ಅದು. ಫೆತಿಯೆಯ ಬಳಿಯಿಂದ ಅಂತಾಲ್ಯಾದ ಬಳಿಯವರೆಗೆ ಐನೂರು ಕಿಲೋಮೀಟರಿಗೂ ಉದ್ದವಿರುವ ಅದನ್ನು ಪೂರ್ತಿ ನಡೆಯುವ ಶಕ್ತಿಯೂ ಸಮಯವೂ ನಮಗಿರಲಿಲ್ಲ. ಆದ್ದರಿಂದ ಒಂದೇ ಊರಿನಲ್ಲಿ ನೆಲೆನಿಂತು, ಬೆಳಿಗ್ಗೆ ಒಂದು ದಿಕ್ಕಿಗೆ ಹೋಗಿ ಸಂಜೆ ಅದೇ ಕೋಣೆಗೆ ಮರಳುವುದೆಂದು ತೀರ್ಮಾನಿಸಿದೆವು. ಆ ಊರು ಚಿರಾಲಿ.

ಮೊದಲ ದಿನ

ಅಂತಾಲ್ಯಾದ ಬಸ್ ನಿಲ್ದಾಣದಿಂದ ಹೊರಟ ಸಣ್ಣ ಬಸ್ಸು, ಎಡಕ್ಕೆ ಕಡಲನ್ನೂ ಬಲಕ್ಕೆ ಬೇದಾಗ್ಲಾರಿ ಪರ್ವತಗಳನ್ನೂ ಇರಿಸಿಕೊಂಡು ಸುಮಾರು ಎಂಬತ್ತು ಕಿಲೋಮೀಟರ್ ನೈಋತ್ಯಕ್ಕೆ ಸಾಗಿತು. ಹೆದ್ದಾರಿಯ ತಿರುವಿನಲ್ಲಿ ನಾವು ಇಳಿದೆವು. ಅಲ್ಲಿಂದ ಊರಿಗೆ ಏಳು ಕಿಲೋಮೀಟರ್ ಇಳಿಜಾರು. ಅದಕ್ಕೆ ದೊಲ್ಮುಶ್ ಎಂಬ ವ್ಯಾನು ಇರುತ್ತದೆ. ನಮ್ಮ ಟೆಂಪೋಗಳ ಹಾಗೆಯೇ ಅದೂ ಜನ ತುಂಬಿದ ಮೇಲೆ ಹೊರಡುತ್ತದೆ, ಆ ಪದದ ಅರ್ಥವೂ ತುಂಬಿದ್ದು ಎಂದೇ ಆಗಿದೆ.

ಚಿರಾಲಿಯಲ್ಲಿ ಎತ್ತರದ ಹೋಟೆಲುಗಳಿಲ್ಲ. ಊರಿನ ಸುತ್ತಲಿನ ಕಾಡು 1972ರಲ್ಲಿ ಸ್ಥಾಪನೆಯಾದ ಒಲಿಂಪೋಸ್–ಬೇದಾಗ್ಲಾರಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ, ಕಟ್ಟಡಗಳಿಗೆ ಕಟ್ಟುನಿಟ್ಟಿನ ಮಿತಿಗಳಿವೆ. ಕಿತ್ತಳೆ ಮತ್ತು ದಾಳಿಂಬೆ ತೋಟಗಳ ನಡುವೆ ಮರದ ಕೋಣೆಗಳ ಸಣ್ಣ ವಸತಿಗೃಹಗಳಿದ್ದು, ಅವನ್ನು ಅಲ್ಲಿ ಪಾನ್ಸಿಯೋನ್ ಎನ್ನುತ್ತಾರೆ. ನಮ್ಮ ಪಾನ್ಸಿಯೋನಿನ ಒಡತಿ ಐವತ್ತರ ಆಸುಪಾಸಿನ ಗೃಹಿಣಿ. ಆಕೆಗೆ ಇಂಗ್ಲಿಷ್ ಅಷ್ಟಾಗಿ ಬಾರದು, ನಮಗೆ ಟರ್ಕಿ ಭಾಷೆ ಬಾರದು. ಆದರೂ ಮೊದಲ ಸಂಜೆಯೇ ಮಾತು ಸಾಗಿತು. ಆಕೆ ಆಕಾಶ ತೋರಿಸಿ ‘ಹವಾ’ ಎಂದಳು, ಸ್ನಾನದ ಮನೆಯಲ್ಲಿ ‘ಸಾಬುನ್’ ತೋರಿಸಿದಳು, ತಟ್ಟೆಯಲ್ಲಿ ‘ಪೆಯ್ನಿರ್’ ತಂದಿಟ್ಟಳು. ಹವಾ, ಸಾಬೂನು, ಪನೀರು ನಮ್ಮ ಮನೆಯಲ್ಲಿ ದಿನವೂ ಆಡುವ ಮಾತುಗಳೇ. ದುನಿಯಾ, ಮೈದಾನ, ಕಾಗದ ಎಂಬ ಪದಗಳಿಗೂ ಅಲ್ಲಿ ಒಡಹುಟ್ಟಿದವುಗಳಿವೆ. ಅರಬ್ಬಿ, ಪಾರಸಿ ಪದಗಳು ಒಂದು ಕಡೆ ಅಲ್ಲಿಗೂ ಇನ್ನೊಂದು ಕಡೆ ನಮ್ಮಲ್ಲಿಗೂ ನಡೆದು ಬಂದ ದಾರಿ ಎಷ್ಟು ಉದ್ದದ್ದು ಎಂದು ಅಕ್ಕ ರಾತ್ರಿ ಬಹಳ ಹೊತ್ತು ಹೇಳಿಕೊಳ್ಳುತ್ತಿದ್ದಳು. ಒಡತಿ ಅಕ್ಕನನ್ನು ‘ಅಬ್ಲಾ’ ಎಂದು ಕರೆಯತೊಡಗಿದಳು. ಆ ಪದಕ್ಕೆ ಅಕ್ಕ ಎಂದೇ ಅರ್ಥ.

ಬೆಳಕಿರುವಾಗಲೇ ಕಡಲಿಗೆ ಹೋದೆವು. ತೀರ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು ಮರಳೂ ಬೆಣಚುಕಲ್ಲೂ ಬೆರೆತಿದೆ. ಪಶ್ಚಿಮದ ಪರ್ವತಗಳ ಹಿಂದೆ ಸೂರ್ಯ ಆಗಲೇ ಮರೆಯಾಗಿದ್ದುದರಿಂದ ಕಡಲು ಬಣ್ಣವೇ ಇಲ್ಲದೆ ಕತ್ತಲಾಗುತ್ತಿತ್ತು. ಜೀವಮಾನವಿಡೀ ಸೂರ್ಯ ಕಡಲಿಗಿಳಿಯುವುದನ್ನೇ ಕಂಡ ನಮಗೆ ಆ ಸಂಜೆ ಏನೋ ಕಳೆದುಕೊಂಡಂತಾಯಿತು. ಮರುದಿನ ಬೆಳಿಗ್ಗೆ ಅದೇ ಸೂರ್ಯ ನೀರಿನೊಳಗಿಂದ ಎದ್ದು ಬಂದಾಗ, ಚಿರಾಲಿಯ ತೀರ ಪೂರ್ವಕ್ಕೆ ಮುಖಮಾಡಿದೆ ಎಂದು ನಕಾಶೆಯಲ್ಲಿ ಓದಿದ್ದು ನಮ್ಮ ಕಣ್ಣಿಗೂ ತಿಳಿಯಿತು.

ಎರಡನೆಯ ದಿನ

ತೀರದ ದಕ್ಷಿಣದ ತುದಿಗೆ ನಡೆದರೆ, ಅಲ್ಲಿ ಹಳ್ಳವೊಂದು ಕಡಲು ಸೇರುವ ಅಳಿವೆಯಿದೆ. ಅದರ ಎರಡೂ ದಂಡೆಗಳ ಮೇಲೆ ಒಲಿಂಪೋಸ್ ಎಂಬ ಪ್ರಾಚೀನ ನಗರ ಕಾಡಿನೊಳಗೆ ಮುಳುಗಿಕೊಂಡಿದೆ. ದೊಡ್ಡ ಅವಶೇಷಗಳ ನಡುವೆ ಬಿಸಿಲಿನಲ್ಲಿ ಅಲೆಯುವ ಕಷ್ಟ ಇಲ್ಲಿಲ್ಲ. ಲಾರೆಲ್ ಗಿಡ, ಅಂಜೂರ, ಕಣಗಿಲೆ, ಕಾಡುದ್ರಾಕ್ಷಿಯ ಬಳ್ಳಿಗಳು ಸ್ನಾನಗೃಹಗಳನ್ನೂ ಚರ್ಚನ್ನೂ ನಾಟಕಶಾಲೆಯನ್ನೂ ಮುಚ್ಚಿಕೊಂಡಿದ್ದು, ಹಕ್ಕಿ ಹಾಗೂ ನೀರಿನ ಸದ್ದಿನ ನಡುವೆ ತಂಪಿನಲ್ಲೇ ನಡೆಯಬಹುದು.

ಈ ಕರಾವಳಿ ಸೀಮೆಗೆ ಪ್ರಾಚೀನ ಕಾಲದಲ್ಲಿದ್ದ ಹೆಸರು ಲಿಸಿಯಾ. ಅದರ ನಗರಗಳು ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಒಂದು ಒಕ್ಕೂಟವನ್ನು ಕಟ್ಟಿಕೊಂಡಿದ್ದವು. ಇಪ್ಪತ್ತಮೂರು ನಗರಗಳ ಆ ಸಭೆಯಲ್ಲಿ ದೊಡ್ಡವಕ್ಕೆ ಮೂರು, ನಡುವಣವಕ್ಕೆ ಎರಡು, ಸಣ್ಣವಕ್ಕೆ ಒಂದು ಮತವಿತ್ತು. ಮೂರು ಮತಗಳಿದ್ದ ಆರು ನಗರಗಳಲ್ಲಿ ಒಲಿಂಪೋಸ್ ಒಂದು. ಆ ಬಳಿಕ ಜೆನಿಕೆಟಿಸ್ ಎಂಬ ಕಡಲುಗಳ್ಳರ ನಾಯಕ ಇದನ್ನು ತನ್ನ ನೆಲೆ ಮಾಡಿಕೊಂಡನು. ಕ್ರಿ.ಪೂ. 77ರ ಸುಮಾರಿಗೆ ರೋಮನ್ ಸೇನಾನಿ ಸರ್ವಿಲಿಯಸ್ ಮುತ್ತಿಗೆ ಹಾಕಿದಾಗ ಅವನು ಮನೆಮಂದಿಯೊಡನೆ ಬೆಂಕಿಗೆ ಬಿದ್ದನೆಂದು ಪ್ರಾಚೀನ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಇಷ್ಟೆಲ್ಲ ರಾಜಕೀಯ ನಡೆದ ಊರಿನಲ್ಲಿ ನಮ್ಮನ್ನು ಅತಿ ಹೆಚ್ಚು ಹೊತ್ತು ನಿಲ್ಲಿಸಿದ್ದು ಒಬ್ಬ ಸಾಮಾನ್ಯ ನಾವಿಕನ ಸಮಾಧಿ.

ಅಳಿವೆಯ ಹತ್ತಿರ, ಬಂಡೆಯ ಬುಡದಲ್ಲಿ, ಯೂಡೆಮೋಸ್ ಎಂಬ ಹಡಗಿನ ಕಪ್ತಾನನ ಕಲ್ಲಿನ ಶವಪೆಟ್ಟಿಗೆಯಿದೆ. ಅದರ ಮೈಮೇಲೆ ಒಂದು ಹಡಗನ್ನು ಕೆತ್ತಲಾಗಿದೆ, ಜೊತೆಗೆ ಗ್ರೀಕ್ ಪದ್ಯವೊಂದಿದೆ. ಹಡಗು ತನ್ನ ಕೊನೆಯ ಬಂದರನ್ನು ಸೇರಿ ಲಂಗರು ಹಾಕಿದೆ, ಇನ್ನು ಗಾಳಿಯಿಂದಲೂ ಹಗಲಿನಿಂದಲೂ ಅದಕ್ಕೆ ಆಗಬೇಕಾದ್ದಿಲ್ಲ, ಬದುಕು ಒಂದು ದಿನದಷ್ಟು ಗಿಡ್ಡ, ಒಡೆದ ಅಲೆಯಂತೆ ಎಂಬುದು ಅದರ ಭಾವ. ನಮ್ಮ ಕಡಲತೀರದಲ್ಲೂ ಎಷ್ಟೋ ಮಂದಿ ನಾವಿಕರು ಹೋಗಿದ್ದಾರೆ, ಅವರಿಗೆ ಕಲ್ಲಿನ ಸಮಾಧಿಯಾಗಲಿ ಪದ್ಯವಾಗಲಿ ಇಲ್ಲ. ಅಕ್ಕ ಆ ಕೆತ್ತನೆಯ ಮುಂದೆ ಚಪ್ಪಲಿ ಕಳಚಿ ನಿಂತದ್ದನ್ನು ನೋಡಿ ನಾನೂ ಕಳಚಿದೆ.

ಮೂರನೆಯ ದಿನ

ಊರಿನಿಂದ ಉತ್ತರಕ್ಕೆ ಮೂರು ಕಿಲೋಮೀಟರ್ ನಡೆದರೆ ಯಾನಾರ್‌ತಾಶ್ ಎಂಬ ಗುಡ್ಡದ ಬುಡ ಸಿಗುತ್ತದೆ. ಹೆಸರಿನ ಅರ್ಥ ಉರಿಯುವ ಕಲ್ಲು. ಬಂಡೆಯ ಬಿರುಕುಗಳಿಂದ ಸಾವಿರಾರು ವರ್ಷಗಳಿಂದ ಬೆಂಕಿ ಏಳುತ್ತಿರುವ ಈ ಜಾಗವನ್ನು ನೋಡಲು ಬರುವವರು ಹೆಚ್ಚಾಗಿ ರಾತ್ರಿ ಟಾರ್ಚು ಹಿಡಿದು ಮೆಟ್ಟಿಲು ಹತ್ತಿ, ಅದೇ ಮೆಟ್ಟಿಲು ಇಳಿದು ಹೋಗುತ್ತಾರೆ. ನಾವು ಲಿಸಿಯಾ ಹಾದಿಯಲ್ಲೇ ಹೋಗಬಯಸಿ, ಹಗಲಿನಲ್ಲಿ ಗುಡ್ಡವನ್ನು ದಾಟಿ ಆಚೆಯ ಉಲುಪಿನಾರ್ ಹಳ್ಳಿಗೆ ನಡೆದು, ಸಂಜೆ ಹಿಂದಿರುಗುವಾಗ ಕತ್ತಲು ಕವಿಯುವ ಹೊತ್ತಿಗೆ ಬೆಂಕಿಯ ಬಳಿ ಇರುವಂತೆ ಲೆಕ್ಕ ಹಾಕಿಕೊಂಡೆವು. ಈ ಕ್ರಮವನ್ನು ಎಲ್ಲರಿಗೂ ಹೇಳುತ್ತೇನೆ. ಹಗಲು ನೋಡಿದರೆ ಬಂಡೆ ತಿಳಿಯುತ್ತದೆ, ಇರುಳು ನೋಡಿದರೆ ಬೆಂಕಿ ತಿಳಿಯುತ್ತದೆ. ಎರಡೂ ಬೇಕು.

ಹಗಲಿನಲ್ಲಿ ಕಂಡ ಬಂಡೆ ಬೂದುಹಸಿರು ಬಣ್ಣದ್ದು. ಒಂದು ಕಾಲದಲ್ಲಿ ಸಾಗರದ ತಳವಾಗಿದ್ದ ಶಿಲೆ, ಭೂಫಲಕಗಳ ಒತ್ತಡದಿಂದ ನೆಲದ ಮೇಲೆ ಏರಿ ಕುಳಿತಿದೆ. ಇಂಥ ಶಿಲೆಯ ಖನಿಜಗಳು ನೀರಿನೊಡನೆ ವರ್ತಿಸಿದಾಗ ಜಲಜನಕ ಹುಟ್ಟುತ್ತದೆ, ಅದು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಮೀಥೇನ್ ಆಗುತ್ತದೆ. ಇಲ್ಲಿಯ ಅನಿಲದ ದೊಡ್ಡ ಪಾಲು ಕೊಳೆತ ಜೀವಿಗಳಿಂದ ಬಂದದ್ದಲ್ಲ, ಕಲ್ಲೇ ಹೆತ್ತದ್ದು. ನೆಲದ ಮೇಲೆ ಈ ಬಗೆಯ ಮೀಥೇನ್ ಇಷ್ಟು ಪ್ರಮಾಣದಲ್ಲಿ ಹೊರಬರುವ ಜಾಗಗಳು ಬಹಳ ವಿರಳವೆಂಬ ಕಾರಣಕ್ಕೆ ಭೂವಿಜ್ಞಾನಿಗಳು ಇಲ್ಲಿಗೆ ಮತ್ತೆ ಮತ್ತೆ ಬರುತ್ತಾರೆ. ಕಾಂಗಡಾದ ಜ್ವಾಲಾಮುಖಿ ದೇವಾಲಯವನ್ನು ನೋಡಿರುವ ಅಕ್ಕ, ಉರಿಯುವ ಬಿರುಕಿನ ಮುಂದೆ ಗುಡಿ ಕಟ್ಟುವುದು ಎಲ್ಲ ನಾಡಿನ ಜನರಿಗೂ ಸಹಜವೆಂದಳು. ಅದು ನಿಜ. ಇಲ್ಲಿಯೂ ಬೆಂಕಿಯ ಬುಡದಲ್ಲೇ ಹೆಫಾಯಿಸ್ಟೋಸ್ ಎಂಬ ಕಮ್ಮಾರ ದೇವತೆಯ ಗುಡಿಯ ಕಲ್ಲುಗಳಿವೆ, ಪಕ್ಕದಲ್ಲಿ ಬೈಜಾಂಟೈನ್ ಕಾಲದ ಚರ್ಚಿನ ಗೋಡೆಗಳಿವೆ. ಮುಂದೆ ಸಿಂಹ, ನಡುವೆ ಮೇಕೆ, ಹಿಂದೆ ಹಾವು ಆಗಿದ್ದು ಬೆಂಕಿಯುಗುಳುತ್ತಿದ್ದ ಕಿಮಾಯಿರಾ ಎಂಬ ಪ್ರಾಣಿಯನ್ನು, ರೆಕ್ಕೆಯ ಕುದುರೆ ಏರಿ ಬಂದ ಬೆಲ್ಲೆರೋಫಾನ್ ಕೊಂದ ಕಥೆಯನ್ನು ಗ್ರೀಕರು ಈ ಗುಡ್ಡಕ್ಕೇ ಅಂಟಿಸಿದ್ದಾರೆ.

ಬೆಂಕಿಯ ಮೇಲಿನ ಇಳಿಜಾರಿನಿಂದ ಹಾದಿ ಪೈನ್ ಕಾಡಿನೊಳಗೆ ಏರುತ್ತದೆ. ಕೆಂಪು ಬಿಳಿ ಪಟ್ಟಿಗಳನ್ನು ಗುರುತಿಸುವುದನ್ನು ನಾವು ಕಲಿತದ್ದು ಅಂದೇ. ಎರಡು ಪಟ್ಟಿ ಜೊತೆಯಾಗಿದ್ದರೆ ಸರಿದಾರಿ, ಬಾಗಿದ ಪಟ್ಟಿಯಿದ್ದರೆ ತಿರುವು, ಕೆಂಪು ಗುಣಾಕಾರ ಚಿಹ್ನೆಯಿದ್ದರೆ ಆ ಕಡೆ ಹೋಗಬಾರದು. ದಾರಿಯುದ್ದಕ್ಕೂ ಅಕ್ಕನನ್ನು ಸೆಳೆದದ್ದು ಸಂದಾಲ್ ಎಂದು ಕರೆಯುವ ಮರ. ನಮ್ಮ ಗಂಧದ ಮರಕ್ಕೂ ಅದಕ್ಕೂ ಹೆಸರಿನ ಹೋಲಿಕೆಯಷ್ಟೇ. ತೊಗಟೆ ಸುಲಿದು ಬಿದ್ದ ಕಾಂಡ ಎಣ್ಣೆ ಹಚ್ಚಿದಂತೆ ನುಣುಪಾಗಿ, ಕೆಂಪಾಗಿ ಹೊಳೆಯುತ್ತದೆ. ಅಕ್ಕ ಪ್ರತಿ ಮರದ ಮೈ ಸವರದೆ ಮುಂದೆ ಬರುತ್ತಿರಲಿಲ್ಲ.

ಉಲುಪಿನಾರ್ ಎಂದರೆ ದೊಡ್ಡ ಚಿಲುಮೆ. ಗುಡ್ಡದ ಮೈಯಿಂದ ಧಾರಾಳವಾಗಿ ನೀರು ಹೊಮ್ಮುವ ಈ ಹಳ್ಳಿಯಲ್ಲಿ ಟ್ರೌಟ್ ಮೀನು ಸಾಕಿ ಬಡಿಸುವ ಊಟದ ಮನೆಗಳು ಸಾಲಾಗಿವೆ. ಹರಿಯುವ ನೀರಿನ ಮೇಲೆಯೇ ಮರದ ಅಟ್ಟ ಹಾಕಿ, ಅದರ ಮೇಲೆ ಗಾದಿ ಹಾಸಿ ಕೂರಿಸುತ್ತಾರೆ. ಸಸ್ಯಾಹಾರಿಗಳಾದ ನಮಗೆ ಮೀನಿನ ಊರಿನಲ್ಲೂ ಊಟದ ತೊಂದರೆಯಾಗಲಿಲ್ಲ. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಪಾಲಕ್ ಮತ್ತು ಬಿಳಿ ಚೀಸು ತುಂಬಿ ಕಾವಲಿಯ ಮೇಲೆ ಬೇಯಿಸುವ ಗೋಝ್ಲೆಮೆ, ಕೆಂಪು ಬೇಳೆಯ ಸಾರು, ಎಣ್ಣೆಯಲ್ಲಿ ಬೇಯಿಸಿ ತಣಿಸಿದ ಬದನೆ, ಹುರುಳಿಕಾಯಿ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ. ಅದನ್ನು ಅಯ್ರಾನ್ ಎನ್ನುತ್ತಾರೆ. ಸ್ವಲ್ಪ ಇಂಗು, ಸಾಸಿವೆಯ ಒಗ್ಗರಣೆ ಬಿದ್ದಿದ್ದರೆ ಅದು ನಮ್ಮ ಮನೆಯ ಮಜ್ಜಿಗೆಯೇ.

ಸಂಜೆ ಏಳರ ಹೊತ್ತಿಗೆ ಬೆಂಕಿಯ ಇಳಿಜಾರಿಗೆ ಮರಳಿದೆವು. ಹಗಲು ಕಣ್ಣಿಗೆ ಕಾಣದಷ್ಟು ಮಂಕಾಗಿದ್ದ ಜ್ವಾಲೆಗಳು ಕತ್ತಲಾದಂತೆ ಒಂದೊಂದಾಗಿ ಎದ್ದುಕೊಂಡವು. ಒಂದು ಮೊಳದೆತ್ತರದ್ದು ಕೆಲವು, ಬೊಗಸೆಯಷ್ಟು ಸಣ್ಣವು ಕೆಲವು. ಅವುಗಳಲ್ಲಿ ಹೊಗೆಯಿರಲಿಲ್ಲ. ಗಾಳಿ ಬೀಸಿದಾಗ ಬೆಂಕಿ ಬಂಡೆಗೆ ಅಂಟಿಕೊಂಡು ಸರಸರನೆ ಸದ್ದು ಮಾಡುತ್ತಿತ್ತು. ಚಿರಾ ಎಂದರೆ ರಾಳ ತುಂಬಿದ ಪೈನಿನ ಉರಿಗಟ್ಟಿಗೆ, ಚಿರಾಲಿ ಎಂದರೆ ಅದುಳ್ಳ ಊರು. ಇರುಳಿನಲ್ಲಿ ಗದ್ದೆಯ ಹಾಳಿಯ ಮೇಲೆ ಉರಿಯುವ ಸೂಡಿ ಬೀಸುತ್ತ ನಡೆದ ಬಾಲ್ಯ ಇಬ್ಬರಿಗೂ ನೆನಪಾಗಿ, ಮೆಟ್ಟಿಲಿಳಿಯುವಾಗ ಮಾತೇ ಇರಲಿಲ್ಲ.

ನಾಲ್ಕನೆಯ ದಿನ

ಕಡಲ ಅಂಚಿನ ಗುಡ್ಡಗಳ ಮೇಲಿಂದ ಉತ್ತರಕ್ಕೆ, ತೆಕಿರೋವಾ ಊರಿನ ಕಡೆಗೆ ಹೋಗುವ ಹಾದಿಯಲ್ಲಿ ಮದೆನ್ ಎಂಬ ಕೊಲ್ಲಿಯವರೆಗೆ ಹೋಗಿ ಹಿಂದಿರುಗುವುದು ಅಂದಿನ ಯೋಜನೆ. ಮದೆನ್ ಎಂದರೆ ಗಣಿ. ಈ ಬೆಟ್ಟಗಳ ಕ್ರೋಮಿಯಂ ಅದಿರನ್ನು ಹಿಂದೆ ಇಲ್ಲಿ ತೆಗೆಯುತ್ತಿದ್ದರು.

ದಾರಿ ತಪ್ಪಿದ್ದು ಇಲ್ಲಿಯೇ. ಪೈನ್ ಕಾಡಿನ ನೆಲ ಒಣಸೂಜಿಗಳಿಂದ ಮುಚ್ಚಿರುತ್ತದೆ, ಮೇಕೆಗಳು ಓಡಾಡಿದ ಜಾಡುಗಳು ಕಾಲುದಾರಿಗಿಂತಲೂ ಸ್ಪಷ್ಟವಾಗಿ ಕಾಣುತ್ತವೆ. ಮಾತನಾಡುತ್ತ ಹೋದ ನಾವು ಪಟ್ಟಿಗಳನ್ನು ನೋಡುವುದನ್ನು ಮರೆತು, ಅರ್ಧ ಗಂಟೆ ಮೇಕೆಜಾಡನ್ನೇ ಹಿಡಿದು, ಕಡಲಿನ ಮೇಲೆ ನೇರವಾಗಿ ಕಡಿದು ನಿಂತ ಬಂಡೆಯ ತುದಿಗೆ ಬಂದು ಮುಟ್ಟಿದೆವು. ಕೆಳಗೆ ನೀಲಿ ನೀರು ಕಾಣುತ್ತಿತ್ತು, ಇಳಿಯಲು ಎಲ್ಲಿಯೂ ದಾರಿಯಿರಲಿಲ್ಲ. ಅಡ್ಡದಾರಿಯಲ್ಲಿ ಇಳಿದುಬಿಡೋಣವೆಂದು ನಾನು ಹೇಳಿದೆ. ‘ಬೇಡ ಮಾರಾಯ್ತಿ, ಕೊನೆಯ ಗುರುತು ಎಲ್ಲಿತ್ತೋ ಅಲ್ಲಿಗೇ ಹೋಗುವ’ ಎಂದು ಅಕ್ಕ ಖಂಡಿತವಾಗಿ ಹೇಳಿ ಹಿಂದೆ ತಿರುಗಿದಳು. ಅವಳ ಮಾತೇ ಸರಿ. ಈ ಹಾದಿಯಲ್ಲಿ ನಡೆಯುವವರಿಗೆ ನಾನು ಹೇಳಬಲ್ಲ ಒಂದೇ ನಿಯಮ ಅದು. ಐದು ನಿಮಿಷ ಗುರುತು ಕಾಣದಿದ್ದರೆ, ಮುಂದೆ ಸಿಕ್ಕೀತೆಂದು ಹೋಗಬಾರದು, ಕೊನೆಯದಾಗಿ ಕಂಡ ಗುರುತಿಗೆ ಮರಳಬೇಕು. ಗುರುತು ಸಿಕ್ಕಿದ್ದು ಒಂದು ಬಿದ್ದ ಮರದ ಅಡಿಯಲ್ಲಿ.

ಹೊತ್ತು ಮೀರಿದ್ದರಿಂದ ಕೊಲ್ಲಿಯಲ್ಲಿ ಒಂದು ಗಂಟೆಯಷ್ಟೇ ಕೂತೆವು. ನೀರು ಎಷ್ಟು ತಿಳಿಯೆಂದರೆ ಕುತ್ತಿಗೆಯಾಳದಲ್ಲಿ ನಿಂತರೂ ಕಾಲಬೆರಳ ಉಗುರು ಕಾಣುತ್ತಿತ್ತು. ನಮ್ಮ ಹೊಳೆಗಳು ತರುವ ಕೆಂಪು ಮಣ್ಣಿನಿಂದಾಗಿ ಸದಾ ಕದಡಿರುವ ಕಡಲಿನಲ್ಲಿ ಬೆಳೆದವರಿಗೆ ಅದು ನಂಬಲಾಗದ ಸಂಗತಿ. ಆದರೆ ಮೀನು, ಏಡಿ, ಚಿಪ್ಪಿಗಳ ಸಮೃದ್ಧಿ ನಮ್ಮ ಕದಡಿದ ನೀರಿನಲ್ಲೇ ಹೆಚ್ಚು. ಭೂಮಧ್ಯ ಸಮುದ್ರದ ಈ ಪೂರ್ವಭಾಗದಲ್ಲಿ ಪೋಷಕಾಂಶ ಬಹಳ ಕಡಿಮೆ, ಅದರ ತಿಳಿತನಕ್ಕೆ ಅದೂ ಒಂದು ಕಾರಣ.

ಐದನೆಯ ದಿನ

ಕಾಲಿಗೆ ವಿರಾಮ ಬೇಕಾಗಿತ್ತು. ವ್ಯಾನಿನಲ್ಲಿ ಫಾಸೆಲಿಸ್ ಎಂಬ ಹಳೆಯ ಬಂದರು ನಗರಕ್ಕೆ ಹೋಗಿ, ಪೈನ್ ನೆರಳಿನಲ್ಲಿ ನಿಧಾನವಾಗಿ ಓಡಾಡಿದೆವು. ಒಂದೇ ಪುಟ್ಟ ಭೂಶಿರದ ಸುತ್ತ ಮೂರು ಬಂದರುಗಳು, ಅವುಗಳನ್ನು ಕೂಡಿಸುವ ಕಲ್ಲುಹಾಸಿನ ಅಗಲ ಬೀದಿ, ಬೀದಿಯ ಪಕ್ಕದಲ್ಲಿ ಸ್ನಾನಗೃಹಗಳು, ಮೇಲೆ ನಾಟಕಶಾಲೆ. ಕ್ರಿ.ಪೂ. 7ನೇ ಶತಮಾನದಲ್ಲಿ ರೋಡ್ಸ್ ದ್ವೀಪದವರು ಬಂದು ಇಲ್ಲಿ ನೆಲೆಸಿದರೆಂದೂ, ಜಾಗದ ಒಡೆಯನಾದ ಕುರುಬನಿಗೆ ಬೆಲೆಯಾಗಿ ಒಣಮೀನು ಕೊಟ್ಟರೆಂದೂ ಹಳೆಯ ಕಥೆಯಿದೆ. ಕ್ರಿ.ಪೂ. 334–333ರ ಚಳಿಗಾಲದಲ್ಲಿ ಅಲೆಕ್ಸಾಂಡರ್ ಇಲ್ಲಿ ತಂಗಿದ್ದನು. ಮುಂದೆ ಎಂಟು ವರ್ಷಗಳಲ್ಲಿ ಸಿಂಧೂ ನದಿಯನ್ನು ದಾಟಲಿದ್ದ ಅವನು ಆ ಚಳಿಗಾಲದಲ್ಲಿ ಇನ್ನೂ ಇಪ್ಪತ್ತೆರಡರ ಯುವಕ. ನಾಟಕಶಾಲೆಯ ಮೇಲಿನ ಸಾಲಿನಲ್ಲಿ ಕುಳಿತರೆ ವೇದಿಕೆಯ ಹಿಂದೆ, ಮರಗಳ ಮೇಲೆ, ಬೋಳು ತಲೆಯ ತಾಹ್ತಾಲಿ ಪರ್ವತ ಕಾಣುತ್ತದೆ. ಚಿರಾಲಿಯ ತೀರದಿಂದ, ಉಲುಪಿನಾರಿನ ದಾರಿಯಿಂದ, ಈಗ ಇಲ್ಲಿಂದ, ನಾಲ್ಕು ದಿನಗಳಿಂದ ಅದೇ ಪರ್ವತ ಬೇರೆ ಬೇರೆ ಮುಖ ತೋರಿಸುತ್ತಿತ್ತು. ಮರುದಿನ ಅಲ್ಲಿಗೇ ಹೋಗುವುದೆಂದು ಕುಳಿತಲ್ಲೇ ನಿರ್ಧರಿಸಿದೆವು.

ಆರನೆಯ ದಿನ

ತಾಹ್ತಾಲಿಯ ಎತ್ತರ 2365 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ನಾನೂರು ಮೀಟರಿಗೂ ಹೆಚ್ಚು ಎತ್ತರದ ಈ ಶಿಖರ ಕಡಲಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. 2007ರಿಂದ ಇದಕ್ಕೆ ರೋಪ್‌ವೇ ಇದ್ದು, 726 ಮೀಟರ್ ಎತ್ತರದ ಕೆಳನಿಲ್ದಾಣದಿಂದ 4350 ಮೀಟರ್ ಉದ್ದದ ತಂತಿಯ ಮೇಲೆ ಹತ್ತು ಹನ್ನೆರಡು ನಿಮಿಷಗಳಲ್ಲಿ ತುದಿ ಮುಟ್ಟಿಸುತ್ತದೆ. ಹತ್ತುವುದಕ್ಕೆ ಅದನ್ನು ಬಳಸಿ, ಇಳಿಯುವುದನ್ನು ಕಾಲ್ನಡಿಗೆಯಲ್ಲಿ ಮಾಡಿದೆವು. ಇಳಿಯುವುದು ಸುಲಭವೆಂದು ಭಾವಿಸಿದ್ದು ನಮ್ಮ ತಪ್ಪು.

ತುದಿಯಲ್ಲಿ ಗಾಳಿ ಚಳಿಗಾಲದಂತೆ ಕೊರೆಯುತ್ತಿತ್ತು. ಕೆಳಗೆ ಕರಾವಳಿ ಮಡಿಕೆ ಮಡಿಕೆಯಾಗಿ ಬಿದ್ದಿದ್ದು, ಆರು ದಿನ ನಾವು ತಿರುಗಿದ್ದೆಲ್ಲ ಅಂಗೈಯಗಲದಲ್ಲಿತ್ತು. ಒಲಿಂಪೋಸ್ ನಗರಕ್ಕೆ ಹೆಸರು ಬಂದದ್ದು ಈ ಪರ್ವತದಿಂದಲೇ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಶಿಖರದ ಕಟ್ಟಡದ ಹಿಂದಿನಿಂದ ಗುರುತಿನ ದಾರಿ ಸುಣ್ಣಕಲ್ಲಿನ ಬೋಳು ಇಳಿಜಾರಿಗೆ ಇಳಿಯುತ್ತದೆ. ಹುಲ್ಲಿಲ್ಲ, ನೆರಳಿಲ್ಲ, ಕಾಲಿಟ್ಟಲ್ಲೆಲ್ಲ ಜಾರುವ ಜಲ್ಲಿ. ಕೋಲಿಲ್ಲದೆ ಇಲ್ಲಿ ಇಳಿಯಬಾರದು. ಸುಮಾರು 1800 ಮೀಟರಿನ ಕಣಿವೆಬಾಯಿಯಲ್ಲಿ ಲಿಸಿಯಾ ಹಾದಿ ಸೇರಿಕೊಳ್ಳುವ ಹೊತ್ತಿಗೆ ಅಕ್ಕನ ಮೊಣಕಾಲು ನೋಯತೊಡಗಿತ್ತು.

ಅಲ್ಲಿಂದ ಕೆಳಗೆ ದೇವದಾರುಗಳು ಶುರುವಾಗುತ್ತವೆ. ಲೆಬನಾನಿನ ದೇವದಾರು ಎಂದು ಹೆಸರಾದ ಆ ಮರ ಇಂದು ಹೆಚ್ಚಾಗಿ ಉಳಿದಿರುವುದು ಲೆಬನಾನಿನಲ್ಲಲ್ಲ, ಟರ್ಕಿಯ ಈ ಟಾರಸ್ ಪರ್ವತಶ್ರೇಣಿಯಲ್ಲಿ. ಪ್ರಾಚೀನರು ಹಡಗಿಗೂ ದೇವಾಲಯದ ತೊಲೆಗೂ ಹುಡುಕಿ ಕಡಿದದ್ದು ಇದನ್ನೇ. ಕೊಂಬೆಗಳು ಮೇಲಕ್ಕೆ ಏರದೆ ಅಡ್ಡಡ್ಡಲಾಗಿ ಅಟ್ಟ ಅಟ್ಟವಾಗಿ ಹರಡಿಕೊಂಡಿರುತ್ತವೆ. ಗಾಳಿಗೆ ಒಂದೇ ಕಡೆ ಬಾಗಿದ ಮುದಿಮರವೊಂದರ ಬೊಡ್ಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಅಕ್ಕ ಒಂದು ಗಂಟೆ ಕುಳಿತಳು. ನಲವತ್ತು ವರ್ಷ ಈ ಮರದ ಚಿತ್ರವನ್ನು ಮಕ್ಕಳಿಗೆ ಪುಸ್ತಕದಲ್ಲಿ ತೋರಿಸಿದ್ದೇನೆ ಎಂದಷ್ಟೇ ಹೇಳಿದಳು. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಂಟೆ ಅದು. ಅವಳು ಅಷ್ಟು ನೆಮ್ಮದಿಯಿಂದ ಕುಳಿತದ್ದನ್ನು, ಭಾವ ತೀರಿಹೋದ ಮೇಲೆ, ನಾನು ನೋಡಿರಲಿಲ್ಲ.

ಬೇಯ್ಜಿಕ್ ಹಳ್ಳಿ ಸೇರಿದಾಗ ಐದು ಗಂಟೆ ದಾಟಿತ್ತು. ಅಂಗಳದಲ್ಲಿ ದಾಳಿಂಬೆ ಬಿಡಿಸುತ್ತಿದ್ದ ಅಜ್ಜಿಯೊಬ್ಬರು ನಮ್ಮ ಕುಂಟುನಡಿಗೆ ನೋಡಿ ‘ಕೊಲಾಯ್ ಗೆಲ್ಸಿನ್’ ಎಂದರು. ಕೆಲಸ ಮಾಡುತ್ತಿರುವವರನ್ನು ಕಂಡಾಗ ಅಲ್ಲಿ ಹೇಳುವ ಮಾತು ಅದು, ನಿಮಗೆ ಸುಲಭವಾಗಿ ಬರಲಿ ಎಂದು ಅರ್ಥ. ನಡೆಯುವುದನ್ನೂ ಕೆಲಸವೆಂದು ಗಣಿಸಿ ಹರಸುವ ಆ ಸೌಜನ್ಯ ನಮಗೆ ಬಹಳ ಹಿಡಿಸಿತು. ಅಜ್ಜಿ ಎರಡು ಹಣ್ಣನ್ನು ಅಕ್ಕನ ಸೆರಗಿನಂಥ ಶಾಲಿನೊಳಗೆ ಹಾಕಿದರು. ಅಲ್ಲಿಂದ ಊರಿಗೆ ಬಾಡಿಗೆ ಕಾರು ಹಿಡಿದೆವು.

ಏಳನೆಯ ದಿನ

ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ಅಕ್ಕ, ಗೆಲಿಡೋನ್ಯಾ ಭೂಶಿರದ ದೀಪಸ್ತಂಭವನ್ನು ಬಿಡಲು ಒಪ್ಪಲಿಲ್ಲ. ಕುಮ್ಲುಜಾ ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ಹರಡಿದ ಟೊಮೆಟೊ ಹಸಿರುಮನೆಗಳನ್ನು ದಾಟಿ, ಕರಾಓಝ್ ಎಂಬ ಸಣ್ಣ ಕೊಲ್ಲಿಯ ಆಚೆ ಕಾಡುರಸ್ತೆ ಮುಗಿಯುವಲ್ಲಿ ಕಾರು ಬಿಟ್ಟು, ಪೈನ್‌ಗಳ ನಡುವೆ ಏರುವ ಹಾದಿಯಲ್ಲಿ ನಿಂತು ನಿಂತು ನಡೆದೆವು. 1936ರಲ್ಲಿ ಕಟ್ಟಿದ ಆ ದೀಪಸ್ತಂಭ ಕಡಲಿನಿಂದ 227 ಮೀಟರ್ ಮೇಲಿದೆ. ಟರ್ಕಿಯ ದೀಪಸ್ತಂಭಗಳಲ್ಲೇ ಅತಿ ಎತ್ತರದ ನೆಲೆಯದು. ಕೆಳಗೆ ಭೂಶಿರದ ತುದಿಯಿಂದ ಐದು ದ್ವೀಪಗಳು ಕಡಲಿನೊಳಗೆ ಸಾಲುಗಟ್ಟಿ ಹೋಗಿವೆ.

ಈ ದ್ವೀಪಗಳ ಬಳಿ ಕ್ರಿ.ಪೂ. 1200ರ ಸುಮಾರಿಗೆ ವ್ಯಾಪಾರದ ಹಡಗೊಂದು ಬಂಡೆಗೆ ಬಡಿದು ಮುಳುಗಿತು. ಮೂರು ಸಾವಿರ ವರ್ಷಗಳ ಬಳಿಕ ಸ್ಪಂಜು ತೆಗೆಯಲು ಮುಳುಗುತ್ತಿದ್ದ ಟರ್ಕಿಯ ಮುಳುಗಾಳುಗಳು ಅದರ ಸುಳಿವು ಕೊಟ್ಟರು. 1960ರಲ್ಲಿ ಜಾರ್ಜ್ ಬಾಸ್ ನೇತೃತ್ವದಲ್ಲಿ ಅದರ ಉತ್ಖನನ ನಡೆಯಿತು. ಪುರಾತತ್ವಜ್ಞರೇ ಮುಳುಗುವುದನ್ನು ಕಲಿತು, ನೆಲದ ಮೇಲೆ ಅಗೆಯುವಾಗಿನ ಶಿಸ್ತನ್ನು ಕಡಲ ತಳದಲ್ಲೂ ಪಾಲಿಸಿ, ಪ್ರತಿಯೊಂದು ವಸ್ತುವಿನ ಜಾಗ ಗುರುತಿಸಿ ಮೇಲೆತ್ತಿದ್ದು ಅಲ್ಲಿಂದ ಮೊದಲಾಯಿತು. ಸಿಕ್ಕಿದ್ದು ಚಿನ್ನವಲ್ಲ. ನಾಲ್ಕು ಮೂಲೆಗಳನ್ನು ಚಾಚಿದ ಎತ್ತಿನ ಚರ್ಮದ ಆಕಾರದ ತಾಮ್ರದ ಗಟ್ಟಿಗಳು, ತವರ, ಮುರಿದ ಕಂಚಿನ ಉಪಕರಣಗಳು, ತೂಕದ ಕಲ್ಲುಗಳು. ಗುಜರಿ ಲೋಹ ಕರಗಿಸಿ ಹೊಸ ಸಾಮಾನು ಮಾಡಿ ಬಂದರಿನಿಂದ ಬಂದರಿಗೆ ಮಾರುತ್ತಿದ್ದ ಯಾರೋ ಒಬ್ಬ ಕಂಚುಗಾರನ ಬದುಕು ಹಾಗೆಯೇ ತಳ ಸೇರಿತ್ತು. ಅವೆಲ್ಲ ಈಗ ಬೋದ್ರುಮ್ ಕೋಟೆಯ ಸಂಗ್ರಹಾಲಯದಲ್ಲಿವೆ. ದೀಪಸ್ತಂಭದ ಕಟ್ಟೆಯ ಮೇಲೆ ಕುಳಿತು ನೀರಿನ ಮೇಲಿನ ಬಿಳಿ ಸುಳಿಗಳನ್ನು ನೋಡುವಾಗ, ಒಲಿಂಪೋಸಿನ ಯೂಡೆಮೋಸನಿಗೆ ಬಂದರಾದರೂ ಸಿಕ್ಕಿತ್ತಲ್ಲ ಎಂದು ಅನ್ನಿಸಿತು.

ರಾತ್ರಿ ಊರಿಗೆ ಬಂದಾಗ ತೀರದಲ್ಲಿ ನಾಲ್ಕೈದು ಜನ ಕೆಂಪು ಬೆಳಕಿನ ಸಣ್ಣ ಟಾರ್ಚು ಹಿಡಿದು ಕುಳಿತಿದ್ದರು. ಚಿರಾಲಿಯ ಮರಳು ಲಾಗರ್‌ಹೆಡ್ ಎಂಬ ಕಡಲಾಮೆಗಳು ಮೊಟ್ಟೆಯಿಡುವ ಜಾಗ. ಗೂಡುಗಳ ಮೇಲೆ ಸ್ವಯಂಸೇವಕರು ತಂತಿಬಲೆಯ ಗುರುತಿಟ್ಟಿರುತ್ತಾರೆ. ಐವತ್ತು ಅರುವತ್ತು ದಿನಗಳಲ್ಲಿ ಮರಿಗಳು ಹೊರಬರುತ್ತವೆ, ಬೆಳಕು ಕಂಡ ಕಡೆ ಹೋಗುತ್ತವೆ. ಕಡಲಿನ ಮೇಲಿನ ಆಕಾಶದ ಹೊಳಪಿಗಿಂತ ಊರಿನ ದೀಪ ಪ್ರಕಾಶಮಾನವಾಗಿದ್ದರೆ ಅವು ರಸ್ತೆಗೆ ಬಂದು ಸಾಯುತ್ತವೆ. ಆ ಕಾರಣಕ್ಕೇ ತೀರದ ಕಡೆಗೆ ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ಸೆಪ್ಟೆಂಬರಿನ ಆ ಕೊನೆಯ ವಾರದಲ್ಲಿ ಉಳಿದಿದ್ದವು ಕೆಲವೇ ಗೂಡುಗಳು. ನಮ್ಮ ಊರಿನ ಹತ್ತಿರದ ಕಾಸರಕೋಡಿನ ಟೊಂಕಾದಲ್ಲೂ ಆಲಿವ್ ರಿಡ್ಲೆ ಆಮೆಗಳು ಬಂದು ಮೊಟ್ಟೆಯಿಡುತ್ತವೆ, ಅಲ್ಲಿಯ ಮೀನುಗಾರರು ಗೂಡು ಕಾಯುತ್ತಾರೆ ಎಂದು ಅಕ್ಕ ಕೈಸನ್ನೆಯಲ್ಲೂ ಹರಕು ಇಂಗ್ಲಿಷಿನಲ್ಲೂ ವಿವರಿಸಿದಳು. ಕುಳಿತಿದ್ದ ಹುಡುಗಿ ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಹನ್ನೊಂದರವರೆಗೆ ಕಾದೆವು. ಆ ಗೂಡಿನಿಂದ ಅಂದು ಏನೂ ಹೊರಬರಲಿಲ್ಲ.

ಎಂಟನೆಯ ದಿನ

ಬೆಳಗಿನ ಜಾವ ಒಬ್ಬಳೇ ತೀರಕ್ಕೆ ಹೋದೆ. ತಂತಿಬಲೆಯ ಕೆಳಗಿನಿಂದ ನೀರಿನವರೆಗೆ, ಬಾಚಣಿಗೆ ಎಳೆದಂತೆ, ಹತ್ತಾರು ಪುಟ್ಟ ಜಾಡುಗಳು ಮರಳಿನ ಮೇಲೆ ಮೂಡಿದ್ದವು. ನಾವು ಎದ್ದು ಹೋದ ಮೇಲೆ ಅವು ನಡೆದು ಹೋಗಿದ್ದವು. ಓಡಿ ಹೋಗಿ ಅಕ್ಕನನ್ನು ಎಬ್ಬಿಸಿ ಕರೆತಂದೆ. ಕಡಲಿನಿಂದ ಸೂರ್ಯ ಮೇಲೆ ಬರುವವರೆಗೂ ಅವಳು ಆ ಜಾಡುಗಳ ಪಕ್ಕದಲ್ಲಿ, ಒಂದನ್ನೂ ತುಳಿಯದಂತೆ, ನಿಂತೇ ಇದ್ದಳು.

ಹತ್ತು ಗಂಟೆಗೆ ದೊಲ್ಮುಶ್ ಬಂತು. ಚೀಲ ಏರಿಸಿ ನಾವು ಕುಳಿತ ಮೇಲೆ ಒಡತಿ ಅಡುಗೆಮನೆಯಿಂದ ತಂಬಿಗೆಯಂಥ ಪಾತ್ರೆಯಲ್ಲಿ ನೀರು ಹಿಡಿದು ಬಂದು ಗೇಟಿನ ಬಳಿ ನಿಂತಳು. ದೂರ ಹೊರಟವರ ಹಿಂದೆ ನೀರು ಚೆಲ್ಲುವುದು ಅಲ್ಲಿಯ ಪದ್ಧತಿ. ನೀರಿನಂತೆ ಹೋಗಿ, ನೀರಿನಂತೆ ಬನ್ನಿ ಎಂದು ಅದರ ಆಶಯ. ವ್ಯಾನು ಕದಲುತ್ತಿದ್ದಂತೆ ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ, ಅಚ್ಚ ಕನ್ನಡದಲ್ಲಿ, ಮನೆಯಿಂದ ಹೊರಡುವಾಗ ಹೇಳುವಂತೆಯೇ, ‘ಬರ್ತೇವೆ’ ಎಂದಳು. ಒಡತಿ ಅರ್ಥವಾದವರಂತೆ ತಲೆಯಾಡಿಸಿ ಪಾತ್ರೆಯನ್ನು ಬಗ್ಗಿಸಿದಳು. ತಿರುವಿನವರೆಗೂ ನೋಡುತ್ತಿದ್ದೆ, ರಸ್ತೆಯ ಧೂಳಿನ ಮೇಲೆ ಆ ನೀರು ಕಪ್ಪಗೆ ಹರಡಿಕೊಳ್ಳುತ್ತಿತ್ತು.